ಲಸಿಕೆಯ ಜ್ವರಕ್ಕೆ ಏನನ್ನೋಣ? ‘ಅಡ್ಡ ಪರಿಣಾಮ’, ‘ನಂಜು’, ‘ಹಿಡಿಯುವುದು’

ಎಲ್ಲರಿಗೂ ನಮಸ್ಕಾರ.

ಒಂದು ಪುಟದ ಕರಪತ್ರ ವಾರದಿಂದ ನನ್ನ ತಲೆ ತಿನ್ನುತ್ತಿದೆ. ನಮ್ಮದು ಉಡುಪಿ ಹತ್ತಿರದ ಮಲ್ಪೆ. ಮಕ್ಕಳಿಗೆ ಲಸಿಕೆ ಹಾಕಿಸಿದ ಮೇಲೆ ಏನೇನಾಗಬಹುದು ಅಂತ ತಾಯಂದಿರಿಗೆ ಅರ್ಥವಾಗುವ ಹಾಗೆ ಬರೆದುಕೊಡಿ ಎಂದು ಅಂಗನವಾಡಿಯವರು ಕೇಳಿದರು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.

ಸೈಡ್ ಎಫೆಕ್ಟ್‌ಗೆ ಪತ್ರಿಕೆಗಳು ‘ಅಡ್ಡ ಪರಿಣಾಮ’ ಅನ್ನುತ್ತವೆ. ಅಡ್ಡದಾರಿ, ಅಡ್ಡಗಾಲು, ಅಡ್ಡಿ... ಈ ಅಡ್ಡ ಬಂದಲ್ಲೆಲ್ಲ ಏನೋ ತಕರಾರು ಇರುತ್ತದೆ. ಅಡ್ಡಹೆಸರೊಂದು ಬಚಾವ್. ಹೋಗಲಿ ಅಂತ ‘ಪಾರ್ಶ್ವ ಪರಿಣಾಮ’ ಬರೆದು ಪಕ್ಕದ ಮನೆಯ ಅಕ್ಕನಿಗೆ ಓದಲು ಕೊಟ್ಟೆ. “ಪಾರ್ಶ್ವವಾಯು ಬರ್ತದಾ ಮಾರಾಯ್ರೆ?” ಎಂದು ಗಾಬರಿಯಾದರು. ಆ ಪದದ ಕಥೆ ಅಲ್ಲಿಗೆ ಮುಗಿಯಿತು.

‘ರಿಯಾಕ್ಷನ್’ ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ರಿಯಾಕ್ಷನ್ ಆಯ್ತು ಅಂದರೆ ಮೈಯೆಲ್ಲ ದದ್ದು ಎದ್ದು, ಮುಖ ಊದಿ ಆಸ್ಪತ್ರೆಗೆ ಓಡಿದ್ದು. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಕೂರಿಸುವುದು ಅಂಥ ಅಲರ್ಜಿಯ ಭಯಕ್ಕೇ. ಅದು ಹತ್ತು ಲಕ್ಷ ಡೋಸಿಗೆ ಒಂದರ ಆಸುಪಾಸು. ರಾತ್ರಿ ಬಂದು ಮರುದಿನ ಇಳಿಯುವ ಜ್ವರಕ್ಕೂ ಅದೇ ಪದ ಆದರೆ ಹೇಗೆ?

ಇನ್ನು ನಮ್ಮ ಕರಾವಳಿಯ ‘ನಂಜು’, ತುಳುವಿನಲ್ಲಿ ‘ನಂಜಿ’. ಮಗುವಿನ ತೊಡೆ ಕೆಂಪಾಗಿ ಬಾತುಕೊಂಡರೆ ಹಿರಿಯರು ಕೂಡಲೇ “ನಂಜಾಯಿತು” ಅನ್ನುತ್ತಾರೆ. ನಂಜೇರುತ್ತದೆ ಅಂತ ಬಾಣಂತಿಗೆ ಬದನೆ, ಸಿಗಡಿ ಎಲ್ಲ ಬಂದ್. ಸೂಜಿ ಚುಚ್ಚಿದ ಕಡೆಗೆ ಮೈಯ ಕಾವಲು ಕಣಗಳು ಓಡಿ ಬಂದು ಸೇರುವುದರಿಂದ ಆಗುವ ಬಾವು ಅದು, ವಿಷವಲ್ಲ. ಕೀವು ಕಟ್ಟಿ, ನೋವು ದಿನದಿಂದ ದಿನಕ್ಕೆ ಜಾಸ್ತಿಯಾದರೆ ಮಾತ್ರ ನಂಜು ಅನ್ನಬಹುದು. ಹಾಗಾಗಿ ‘ಬಾವು’, ‘ನಂಜು’ ಎರಡನ್ನೂ ಬೇರೆ ಬೇರೆ ಅರ್ಥದಲ್ಲಿ ಇಟ್ಟುಕೊಂಡಿದ್ದೇನೆ. ಸರಿಯಾ?

ನನ್ನನ್ನು ನಿಜಕ್ಕೂ ನಿಲ್ಲಿಸಿದ್ದು ‘ಹಿಡಿಯುವುದು’. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡು ನಾನು ಎರಡು ದಿನ ಗಂಜಿ ಕುಡಿದು ಮಲಗಿದ್ದೆ. ನನ್ನ ಅಪ್ಪನಿಗೆ ಆಗ ಎಪ್ಪತ್ತು ದಾಟಿತ್ತು. ಅವರು ಸಂಜೆಗೇ ತೆಂಗಿನಕಾಯಿ ಸುಲಿಯುತ್ತಿದ್ದರು. ದೊಡ್ಡಮ್ಮ ಅವರನ್ನು ನೋಡಿ, “ಜ್ವರ ಬರ್ಲಿಲ್ವಾ? ಹಾಗಾದ್ರೆ ನಿಂಗೆ ಮದ್ದು ಹಿಡೀಲಿಲ್ಲ” ಅಂದುಬಿಟ್ಟರು. ಅಪ್ಪ ವಾರವಿಡೀ ಸಪ್ಪಗಿದ್ದರು.

ಸುಮ್ನೆ ಹಳೆಯ ಕಾಲದ ಮಾತು ಅಂದುಕೊಂಡಿದ್ದೆ. ಆಮೇಲೆ ದೊಡ್ಡಮ್ಮನ ತೋಳಿನ ದೊಡ್ಡ ಕಲೆ ನೆನಪಾಯಿತು. ಸಿಡುಬಿನ ಲಸಿಕೆಯ ಕಲೆ. ಆ ಲಸಿಕೆ ಹಾಕಿದ ಕಡೆ ವಾರದೊಳಗೆ ಗುಳ್ಳೆ ಎದ್ದು, ಕೀವಾಗಿ, ಹಕ್ಕಳೆ ಕಟ್ಟಿ ಬೀಳಬೇಕಿತ್ತು. ಗುಳ್ಳೆ ಏಳದಿದ್ದರೆ ಹಿಡಿದಿಲ್ಲ ಅಂತ ಲೆಕ್ಕ, ಮತ್ತೆ ಹಾಕುತ್ತಿದ್ದರು. ಅಂದರೆ ಅಲ್ಲಿ ದೊಡ್ಡಮ್ಮನ ಮಾತು ನೂರಕ್ಕೆ ನೂರು ಸರಿ! ಭಾರತದಲ್ಲಿ ಸಿಡುಬು 1975ಕ್ಕೆ ಕೊನೆಯಾಯಿತು, 1980ರಲ್ಲಿ ಲೋಕದಿಂದಲೇ ಹೋಯಿತು ಎಂದು ಸಾರಿದರು. ಆ ಲಸಿಕೆಯೂ ನಿಂತಿತು. ಪದ ಮಾತ್ರ ಉಳಿದುಕೊಂಡು ಈಗ ಎಲ್ಲ ಲಸಿಕೆಗಳ ಮೇಲೂ ಕೂತಿದೆ.

ಈಗಿನ ಲಸಿಕೆಗಳಿಗೆ ಆ ಲೆಕ್ಕ ಸೇರುವುದಿಲ್ಲ. ಜ್ವರ ಎನ್ನುವುದು ಮೈಯ ಮೊದಲ ಕೂಗು. ರೋಗಕ್ಕೆ ಎದುರು ನಿಲ್ಲುವ ಪ್ರತಿಕಾಯಗಳು ತಯಾರಾಗಲು ವಾರಗಳು ಬೇಕು. ಕೂಗು ಜೋರಾಗಿದ್ದ ಮಾತ್ರಕ್ಕೆ ಆಮೇಲಿನ ತಯಾರಿ ಚೆನ್ನಾಗಿರುತ್ತದೆ ಅಂತೇನಿಲ್ಲ. ಕೋವಿಡ್ ಲಸಿಕೆಯಲ್ಲಿ ಎಳೆಯರಿಗೆ ಜ್ವರ ಜಾಸ್ತಿ, ವಯಸ್ಸಾದವರಿಗೆ ಕಡಿಮೆ ಎಂಬುದು ಎಲ್ಲ ಕಡೆ ಕಂಡ ಸಂಗತಿ. ಹುಟ್ಟಿದ ಮಗುವಿನ ಎಡ ತೋಳಿಗೆ ಹಾಕುವ ಬಿಸಿಜಿಯೂ (ಕ್ಷಯದ ಲಸಿಕೆ) ಕೆಲವು ವಾರ ಬಿಟ್ಟು ಗುಳ್ಳೆ ಎದ್ದು ಕಲೆ ಬಿಡುತ್ತದೆ. ನೋಡಲು ಹಳೆಯ ಸಿಡುಬಿನ ಲಸಿಕೆಯ ಹಾಗೇ. ಆದರೆ ಕಲೆ ಬೀಳಲಿಲ್ಲ ಅಂತ ಅದನ್ನು ಮತ್ತೆ ಹಾಕಿಸಬೇಕಾಗಿಲ್ಲ. ಹೀಗಿರುವಾಗ ‘ಹಿಡಿಯುವುದು’ ಪದವನ್ನು ಕರಪತ್ರದಲ್ಲಿ ಬಳಸಲಾ, ಬಿಡಲಾ? ಜನರ ಬಾಯಲ್ಲಿರುವ ಪದ, ಬಿಡಲು ಮನಸ್ಸಿಲ್ಲ.

ಇನ್ನೊಂದು ತೊಡಕು ವ್ಯಾಕರಣದ್ದು. “ಮಳೆಯಲ್ಲಿ ನೆನೆದು ಜ್ವರ ಬಂತು” ಅಂದರೆ ನೆನೆದದ್ದೇ ಕಾರಣ. “ಪೇಟೆಗೆ ಹೋಗಿ ಊಟ ಮಾಡಿದೆ” ಅಂದರೆ ಬರೀ ಒಂದಾದ ಮೇಲೊಂದು. ‘ನೆನೆದು’, ‘ಹೋಗಿ’ ಎರಡೂ ಒಂದೇ ರೂಪ. ಹಾಗಾದರೆ “ಸೂಜಿ ಹಾಕಿಸಿ ಜ್ವರ ಬಂತು” ಯಾವುದು? ಆರೋಗ್ಯ ಇಲಾಖೆಯವರು ಲಸಿಕೆ ‘ನಂತರದ’ ತೊಂದರೆ ಎಂದೇ ಬರೆದುಕೊಳ್ಳುತ್ತಾರೆ, ಲಸಿಕೆ‘ಯಿಂದ’ ಅನ್ನುವುದಿಲ್ಲ. ಸೂಜಿ ನೋಡಿಯೇ ತಲೆತಿರುಗಿ ಬಿದ್ದದ್ದು, ಅದೇ ದಿನ ಬೇರೆ ಸೋಂಕಿನಿಂದ ಬಂದ ಭೇದಿ, ಎಲ್ಲವೂ ಮೊದಲು ಆ ಪಟ್ಟಿಗೆ ಹೋಗುತ್ತದೆ. ಕಾರಣ ಹುಡುಕುವುದು ಆಮೇಲೆ.

ತಿರುಗುಮುರುಗಾಗುವುದೂ ಉಂಟು. ಒಂದೂವರೆ ತಿಂಗಳಿಗೆ ಹಾಕುವ ಪೆಂಟಾವೇಲೆಂಟ್‌ಗೆ (ಐದು ರೋಗಕ್ಕೆ ಒಂದೇ ಸೂಜಿ) ಜ್ವರ ಬರುವುದಾದರೆ ಅದೇ ರಾತ್ರಿ ಬರುತ್ತದೆ. ಒಂಬತ್ತು ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆಯ ಜ್ವರ ಬರುವುದು ವಾರ ಕಳೆದು, ಕೆಲವೊಮ್ಮೆ ಸಣ್ಣ ದದ್ದಿನ ಜೊತೆ. ಅದರಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ಅದು ಮೈಯಲ್ಲಿ ಸ್ವಲ್ಪ ಬೆಳೆಯಲು ಅಷ್ಟು ದಿನ ಹಿಡಿಯುತ್ತದೆ. ಇಲ್ಲಿ ಕಾರಣ ಲಸಿಕೆಯೇ. ಆದರೆ ಅಷ್ಟರಲ್ಲಿ ತಾಯಿ ಸೂಜಿಯನ್ನು ಮರೆತು, ಗಾಳಿ ತಾಗಿತು ಅನ್ನುತ್ತಾಳೆ.

ಸದ್ಯಕ್ಕೆ ನಾನು ‘ಸೂಜಿ ಜ್ವರ’ ಎಂದು ಬರೆದಿದ್ದೇನೆ. ಬಾವಿಗೆ “ಚುಚ್ಚಿದ ಕಡೆ ಬಾತುಕೊಳ್ಳಬಹುದು” ಅಷ್ಟೇ. ಅಕ್ಕ ಓದಿ ಏನೂ ಕೇಳಲಿಲ್ಲ, ಅದು ಒಳ್ಳೆಯ ಲಕ್ಷಣ ಅಲ್ವಾ? ನಿಮ್ಮ ಕಡೆ, ಮುಖ್ಯವಾಗಿ ಬಯಲುಸೀಮೆಯಲ್ಲಿ, ಈ ಜ್ವರಕ್ಕೆ ಬೇರೆ ಹೆಸರಿದೆಯೇ? ಲಸಿಕೆ ‘ಹಿಡಿಯಿತು’ ಎನ್ನುವ ಮಾತು ಅಲ್ಲೂ ಉಂಟಾ, ಅಥವಾ ‘ಎದ್ದಿತು’, ‘ನಾಟಿತು’ ಅನ್ನುತ್ತೀರಾ? ಕುಂದಾಪುರದವರೂ ಹೇಳಿ. ಕರಪತ್ರ ಬುಧವಾರ ಅಚ್ಚಿಗೆ ಹೋಗುತ್ತದೆ.