ಪದಚರ್ಚೆ: ಪ್ರೊಪೆಲ್ಲರಿನ ‘ಪಿಚ್’ಗೆ ಓರೆಕೋನ ಅನ್ನಬಹುದೇ?

ನಮಸ್ಕಾರ. ಸಣ್ಣ ಹಾಯಿದೋಣಿಯ ಹಳೆಯ ಪ್ರೊಪೆಲ್ಲರ್ ತೆಗೆದು, ಹೊಸದನ್ನು ಆರಿಸಿ ಕೂಡಿಸುವ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ದೋಣಿ ಇರುವುದು ಕಾರವಾರದ ಕಡೆ. ಆದರೆ ಶಾಫ್ಟಿನ (ಪ್ರೊಪೆಲ್ಲರನ್ನು ತಿರುಗಿಸುವ ಸರಳಿನ) ಕೆಲಸ ಇಲ್ಲೇ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ, ಲೇಥಿನ ಮೇಲೆ ಆಗಬೇಕು. ಹಾಗಾಗಿ ಇದನ್ನು ದೋಣಿಯವರೂ ಓದುತ್ತಾರೆ, ಟರ್ನರೂ ಓದುತ್ತಾರೆ. ಪಿಚ್‌ಗೆ ‘ಓರೆಕೋನ’, ಸ್ಲಿಪ್‌ಗೆ ‘ಜಾರು’, ಫೆದರಿಂಗ್‌ಗೆ ‘ಗರಿಬಿಚ್ಚುವ’, ಟೇಪರ್‌ಗೆ ‘ಇಳಿಜಾರು’, ಕೀಗೆ ‘ಕೀಲಿ’, ಮ್ಯಾಂಗನೀಸ್ ಬ್ರಾಂಜಿಗೆ ‘ಮ್ಯಾಂಗನೀಸ್ ಕಂಚು’ ಎಂದು ಸದ್ಯಕ್ಕೆ ಹಾಕಿದ್ದೇನೆ. ಬಲ್ಲವರು ತಿದ್ದಿಕೊಡಬೇಕು.

— ಹುಬ್ಬಳ್ಳಿಯಿಂದ

ನಮಸ್ಕಾರ್ರೀ. ಮೊದಲು ‘ಓರೆಕೋನ’ ತೆಗೆಯಿರಿ. ಉಳಿದವು ಆಮೇಲೆ.

ಪಿಚ್ ಅಂದರೆ ದೂರ. ನೀರು ಗಟ್ಟಿ ಪದಾರ್ಥವಾಗಿದ್ದು, ಪ್ರೊಪೆಲ್ಲರ್ ಅದರೊಳಗೆ ತಿರುಪಿನಂತೆ ಕೊರೆದುಕೊಂಡು ಹೋಗುವಂತಿದ್ದರೆ ಒಂದು ಪೂರ್ತಿ ಸುತ್ತಿಗೆ ಎಷ್ಟು ಮುಂದೆ ಹೋದೀತೋ ಅಷ್ಟು. ಹಬ್ಬಿನ (ರೆಕ್ಕೆಗಳು ಕೂಡಿರುವ ನಡುಭಾಗದ) ಮೇಲೆ 12×8 ಎಂದು ಕೆತ್ತಿದ್ದರೆ ವ್ಯಾಸ 12 ಇಂಚು, ಪಿಚ್ 8 ಇಂಚು. ನೀವು ‘ಓರೆಕೋನ’ ಎಂದು ಬರೆದರೆ ಓದಿದವನು ಕೋನಮಾಪಕ ಹಿಡಿದು ರೆಕ್ಕೆ ಅಳೆಯಲು ಕೂಡುತ್ತಾನೆ. ಆ ರೆಕ್ಕೆಗೆ ಇಂಥದ್ದೇ ಒಂದು ಕೋನ ಅಂತ ಇರುವುದಿಲ್ಲ. ಇದೇ 12×8ರಲ್ಲಿ ನಡುಮಧ್ಯದಿಂದ 2.4 ಇಂಚು ಆಚೆ ಅಳೆದರೆ ಸುಮಾರು 28 ಡಿಗ್ರಿ, 4.2 ಇಂಚು ಆಚೆ ಅಳೆದರೆ 17 ಡಿಗ್ರಿ. ಬುಡದಲ್ಲಿ ಹೆಚ್ಚು ಓರೆ, ತುದಿಗೆ ಹೋದಂತೆ ಚಪ್ಪಟೆ. ಎರಡೂ ಕಡೆ ಪಿಚ್ ಮಾತ್ರ ಅದೇ 8 ಇಂಚು. ಅಳೆಯಲೇಬೇಕಾದರೆ ತ್ರಿಜ್ಯದ ನೂರಕ್ಕೆ 70ರಷ್ಟು ದೂರದಲ್ಲಿ ಕೋನ ತೆಗೆದು, ಅದರ ಟ್ಯಾನ್ ಬೆಲೆಯನ್ನು ಆ ಜಾಗದ ಸುತ್ತಳತೆಯಿಂದ ಗುಣಿಸಬೇಕು. 4.2 ಇಂಚಿನಲ್ಲಿ ಸುತ್ತಳತೆ 26.4 ಇಂಚು, 17 ಡಿಗ್ರಿಯ ಟ್ಯಾನ್ 0.306, ಗುಣಿಸಿದರೆ 8ರ ಹತ್ತಿರ ಬಂದು ನಿಲ್ಲುತ್ತದೆ.

ಹೊಸ ಪದವೇ ಬೇಕೆಂದಿದ್ದರೆ ‘ಸುತ್ತುನಡೆ’ ಎನ್ನಬಹುದು, ದೂರ ಎಂಬ ಅರ್ಥ ಅದರಲ್ಲಿ ಉಳಿಯುತ್ತದೆ. ನನ್ನ ಮಟ್ಟಿಗೆ ‘ಪಿಚ್’ ಎಂದೇ ಇಟ್ಟು, ಮೊದಲ ಸಲ ಬಂದಾಗ ‘ಒಂದು ಸುತ್ತಿನ ನಡೆ’ ಎಂದು ಬಿಡಿಸಿ ಹೇಳುವುದು ಲೇಸು. ಅಂಗಡಿಯಲ್ಲಿ ಕೇಳಬೇಕಾದದ್ದೂ ಆ ಹೆಸರಿನಿಂದಲೇ. ಪ್ರೊಪೆಲ್ಲರಿಗೆ ಕರಾವಳಿಯ ಮೀನುಗಾರರು ‘ಫ್ಯಾನ್’ ಅನ್ನುತ್ತಾರೆ, ‘ಫ್ಯಾನಿಗೆ ಬಲೆ ಸುತ್ತಿತು’ ಅನ್ನುವುದು ಅಲ್ಲಿಯ ದಿನದ ಮಾತು. ಅದನ್ನೂ ಒಂದು ಸಲ ಸೇರಿಸಿ.

ಸ್ಲಿಪ್ ಅಂದರೆ ಪಿಚ್ ಲೆಕ್ಕದ ವೇಗಕ್ಕಿಂತ ದೋಣಿ ನಿಜವಾಗಿ ಎಷ್ಟು ಹಿಂದೆ ಬೀಳುತ್ತದೋ ಅಷ್ಟು. ಅದಕ್ಕೆ ‘ಜಾರು’ ಅರ್ಥದಿಂದ ಸರಿ, ಕಿವಿಗೆ ತಪ್ಪು. ‘ಕ್ಲಚ್ ಜಾರಾಕತ್ತೈತಿ’ ಅಂದರೆ ನಮ್ಮಲ್ಲಿ ಕೆಟ್ಟಿದೆ ಎಂದೇ ಅರ್ಥ. ಪ್ರೊಪೆಲ್ಲರಿನ ಜಾರಿಕೆ ಕೆಡುಕಲ್ಲ, ಅದಿಲ್ಲದೆ ನೂಕುಬಲವೇ ಹುಟ್ಟದು. ಎಂಜಿನ್ ನಿಮಿಷಕ್ಕೆ 3000 ಸುತ್ತು, ಗೇರ್ 2:1 ಇದ್ದರೆ ಶಾಫ್ಟ್ 1500 ಸುತ್ತು. 8 ಇಂಚು ಪಿಚ್‌ಗೆ ಲೆಕ್ಕದ ವೇಗ 9.9 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ). ನೀರಗೆರೆಯಲ್ಲಿ 18 ಅಡಿ ಉದ್ದವಿರುವ ದೋಣಿಯ ಒಡಲು 5.7 ನಾಟ್ ದಾಟಲು ಒಪ್ಪುವುದಿಲ್ಲ (ಉದ್ದದ ವರ್ಗಮೂಲಕ್ಕೆ 1.34ರ ಗುಣಾಕಾರ). 5.5 ನಾಟ್ ಬಂದರೆ ಜಾರಿಕೆ ಶೇ 44. ಹಾಯಿದೋಣಿಗೆ ಇದು ಸಹಜ. ‘ಜಾರಿಕೆ’ ಎಂದು ಬರೆದು ಈ ಲೆಕ್ಕವನ್ನು ಪಕ್ಕದಲ್ಲೇ ಇಡಿ. ಇಲ್ಲದಿದ್ದರೆ ಜಾರಿಕೆ ಕಡಿಮೆ ಮಾಡುತ್ತೇನೆಂದು ಪಿಚ್ ಏರಿಸುತ್ತಾರೆ. ಆಗ ಎಂಜಿನ್ ಪೂರ್ತಿ ಥ್ರಾಟಲ್ ಕೊಟ್ಟರೂ ತನ್ನ ಸುತ್ತು ಮುಟ್ಟದು, ಕರಿ ಹೊಗೆ ಉಗುಳುತ್ತದೆ, ಬಿಸಿಯಾಗುತ್ತದೆ. ಪಿಚ್ ಕಡಿಮೆಯಾದರೆ ಇದರ ಉಲ್ಟಾ: ಸುತ್ತು ಸಲೀಸಾಗಿ ಏರುತ್ತದೆ, ದೋಣಿಯ ವೇಗ ಏರುವುದಿಲ್ಲ. ತಳ ತೊಳೆದ ಮೇಲೆ ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ತಯಾರಕರು ಹೇಳಿದ ಸುತ್ತು ಬಂದರೆ ಆಯ್ಕೆ ಸರಿ. ವ್ಯಾಸ ಹೆಚ್ಚಿಸುವ ಮೊದಲು ರೆಕ್ಕೆಯ ತುದಿಗೂ ತಳಕ್ಕೂ ವ್ಯಾಸದ ಶೇ 10ರಿಂದ 15ರಷ್ಟು ಸಂದು ಉಳಿಯುತ್ತದೆಯೇ ನೋಡಬೇಕು. 12 ಇಂಚಿಗೆ ಕಡಿಮೆಯೆಂದರೂ ಒಂದೂಕಾಲು ಇಂಚು.

ಫೆದರಿಂಗಿಗೂ ಹಕ್ಕಿಯ ಗರಿಗೂ ಇಲ್ಲಿ ಸಂಬಂಧ ಬೇಡ. ಆ ಮಾತು ದೋಣಿಯ ಹುಟ್ಟು ಹಿಡಿಯುವವರದು, ಹುಟ್ಟನ್ನು ನೀರಿನಿಂದ ಎತ್ತಿ ಗಾಳಿಗೆ ತಡೆಯಾಗದಂತೆ ಅಡ್ಡ ಮಲಗಿಸುವುದು. ಪ್ರೊಪೆಲ್ಲರಿನಲ್ಲಿಯೂ ಅಷ್ಟೇ: ಹಾಯಿ ಏರಿಸಿ ಎಂಜಿನ್ ನಿಲ್ಲಿಸಿದಾಗ ಪ್ರತಿ ರೆಕ್ಕೆ ತನ್ನ ಬುಡದಲ್ಲಿ ಹೊರಳಿ ನೀರಿಗೆ ಅಂಚು ಕೊಡುತ್ತದೆ. ‘ಅಂಚೊಡ್ಡುವ ಪ್ರೊಪೆಲ್ಲರ್’ ಅನ್ನಿ. ಫೋಲ್ಡಿಂಗ್ ಬೇರೆ, ಅದರ ರೆಕ್ಕೆಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ‘ಮಡಚುವ’ ಸಾಕು. ಎರಡನ್ನೂ ಒಂದೇ ಪದದಲ್ಲಿ ಹೇಳಿದರೆ ಕೊಳ್ಳುವವನು ಕೆಡುತ್ತಾನೆ: ಮಡಚುವುದು ಸಾಮಾನ್ಯವಾಗಿ ರಿವರ್ಸ್‌ನಲ್ಲಿ ಕಡಿಮೆ ಹಿಡಿಯುತ್ತದೆ, ಅಂಚೊಡ್ಡುವುದು ಚೆನ್ನಾಗಿ ಹಿಡಿಯುತ್ತದೆ, ಬೆಲೆಯೂ ಜಾಸ್ತಿ.

ಟೇಪರ್ (ಹಬ್ಬು ಕೂಡುವ ಶಾಫ್ಟಿನ ತುದಿ ಬರಬರುತ್ತ ಸಣ್ಣಗಾಗುವುದು) ಲೇಥಿನವರ ಮಾತು, ಮುಟ್ಟಬೇಡಿ. 1:10 ಟೇಪರ್ ಅಂದರೆ 10 ಮಿಲಿಮೀಟರ್ ಉದ್ದಕ್ಕೆ ವ್ಯಾಸ 1 ಮಿಲಿಮೀಟರ್ ಇಳಿಯುತ್ತದೆ. ‘ಇಳಿಜಾರು 1:10’ ಎಂದು ಬರೆದರೆ ಟರ್ನರ್ ಒಂದೊಂದು ಬದಿಗೂ ಅಷ್ಟು ಇಳಿಸಿ, ಬೇಕಾದದ್ದರ ಎರಡು ಪಟ್ಟು ಓರೆ ಕೊಟ್ಟಾನು. ಕಾಂಪೌಂಡ್ ಸ್ಲೈಡ್ (ಲೇಥಿನಲ್ಲಿ ಉಳಿ ಹಿಡಿದು, ಕೋನಕ್ಕೆ ತಿರುಗುವ ಭಾಗ) ತಿರುಗಿಸಬೇಕಾದದ್ದು 2 ಡಿಗ್ರಿ 52 ಮಿನಿಟು. ಅಮೆರಿಕದ ಶಾಫ್ಟುಗಳಲ್ಲಿ ಹೆಚ್ಚಾಗಿ 1:16, ಅದಕ್ಕೆ 1 ಡಿಗ್ರಿ 47 ಮಿನಿಟು. ಇವೆರಡು ಒಂದಕ್ಕೊಂದು ಕೂಡುವುದಿಲ್ಲ, ಪ್ರೊಪೆಲ್ಲರ್ ತರಿಸುವ ಮೊದಲೇ ಶಾಫ್ಟ್ ಅಳೆಯಬೇಕು.

‘ಕೀಲಿ’ ನಮ್ಮ ಧಾರವಾಡದ ಕಡೆ ಬೀಗ, ಅದನ್ನು ತೆಗೆಯುವುದು ಚಾವಿ. ಇಲ್ಲಿಯ ಕೀ ಅಂದರೆ ಹಬ್ಬು ಶಾಫ್ಟಿನ ಮೇಲೆ ತಿರುಗಿಬಿಡದಂತೆ ತಡೆಯುವ ಲೋಹದ ತುಂಡು, ಅದು ಕೂರುವ ಗಾಡಿ ಕೀ-ವೇ. ‘ಬೆಣೆ’ಯೂ ಹೊಂದದು, ಈ ತುಂಡು ಬೆಣೆಯಂತೆ ಮೊನಚಿಲ್ಲ. ಕೀ, ಕೀ-ವೇ ಎಂದೇ ಇರಲಿ. ಆದರೆ ಈ ಸಾಲನ್ನು ಕೈಪಿಡಿಯಲ್ಲಿ ಬಿಡಬೇಡಿ: ಮೊದಲು ಕೀ ಇಲ್ಲದೆ ಹಬ್ಬನ್ನು ಟೇಪರಿನ ಮೇಲೆ ಒತ್ತಿ ಕೂಡಿಸಿ, ಅದರ ಅಂಚು ಬಂದ ಕಡೆ ಶಾಫ್ಟಿಗೆ ಗುರುತು ಹಾಕಬೇಕು. ಕೀ ಹಾಕಿ ಕೂಡಿಸಿದಾಗಲೂ ಹಬ್ಬು ಅದೇ ಗುರುತಿಗೆ ಬರಬೇಕು. ಮೊದಲೇ ನಿಂತರೆ ಹಬ್ಬು ಕೂತಿರುವುದು ಕೀ ಮೇಲೆ, ಟೇಪರಿನ ಮೇಲಲ್ಲ. ಆ ಸ್ಥಿತಿಯಲ್ಲಿ ಓಡಿಸಿದರೆ ಹಬ್ಬು ಅಲುಗಾಡಿ ಕೀ-ವೇ ಮೂಲೆಯಿಂದ ಬಿರುಕು ಏಳುತ್ತದೆ. ಕೀ ತಲೆಯನ್ನು ಅರದಿಂದ ತುಸು ಉಜ್ಜಿ ಮತ್ತೆ ನೋಡಬೇಕು.

ಮ್ಯಾಂಗನೀಸ್ ಬ್ರಾಂಜಿಗೆ ಕಂಚು ಎನ್ನಬೇಡಿ. ಹೆಸರು ಬ್ರಾಂಜ್ ಆದರೂ ಅದರಲ್ಲಿ ಮುಖ್ಯವಾಗಿ ಇರುವುದು ತಾಮ್ರ, ಸತು. ನಮ್ಮ ಲೆಕ್ಕದಲ್ಲಿ ಹಿತ್ತಾಳಿ. ಉಪ್ಪುನೀರಿನಲ್ಲಿ ಸತು ಕರಗಿ ಹೋದರೆ ಗುಲಾಬಿ ಛಾಯೆಯ ಪೊಳ್ಳು ತಾಮ್ರ ಉಳಿಯುತ್ತದೆ. ತಟ್ಟಿದರೆ ಠಣ್ ಅನ್ನುವುದಿಲ್ಲ, ಮೊಂಡಾಗಿ ಸದ್ದು ಮಾಡುತ್ತದೆ. ಅಂಥ ರೆಕ್ಕೆಯನ್ನು ಬೆಸೆಯಲು ಕೊಡುವುದು ದಂಡ. ‘ಮ್ಯಾಂಗನೀಸ್ ಹಿತ್ತಾಳೆ’ ಎಂದರೆ ಶಾಫ್ಟಿಗೆ ಕಟ್ಟುವ ಸತುವಿನ ಆನೋಡ್ (ಪ್ರೊಪೆಲ್ಲರಿನ ಬದಲು ತಾನು ಕರಗುವ ತುಂಡು) ಯಾಕೆ ಬೇಕು ಅನ್ನುವುದೂ ಓದುಗರಿಗೆ ತಾನಾಗಿ ಹೊಳೆಯುತ್ತದೆ.

ನೀವು ಕೇಳದ ಒಂದು: ‘ಬಲಸುತ್ತು’, ‘ಎಡಸುತ್ತು’ ಬರೆದಲ್ಲೆಲ್ಲ ‘ದೋಣಿಯ ಹಿಂದೆ ನಿಂತು ನೋಡಿದಾಗ, ಮುಂದೆ ಹೋಗುವ ಗೇರಿನಲ್ಲಿ’ ಎಂದು ಸೇರಿಸಿ.

— ಧಾರವಾಡದಿಂದ