ಸರ್ಕಾರಕ್ಕೊಂದು ಎಲ್ಲೆ ಬೇಕು ಅಂತ ಸಂಘ ಕಟ್ತಿದ್ದೀವಿ, ಮೂಲತತ್ವ ಹೇಗೆ ಬರೆಯೋದು? ವಕೀಲರಿಗೆ ಪ್ರಶ್ನೆ

ಪ್ರಶ್ನೆ: ಮೇಡಂ, ನಮಸ್ಕಾರ. ಹನ್ನೆರಡು ಮಂದಿ ಸೇರಿ ಒಂದು ನಾಗರಿಕ ಸಂಘ ಕಟ್ಟೋಣ ಅಂತಿದ್ದೀವಿ. ಪಕ್ಷ ಅಲ್ಲ, ಚುನಾವಣೆಗೆ ನಿಲ್ಲೋದಿಲ್ಲ. ವ್ಯಕ್ತಿಯ ಸ್ವಾತಂತ್ರ್ಯ ಉಳಿಯಬೇಕು, ಸರ್ಕಾರ ತನ್ನ ಎಲ್ಲೆಯೊಳಗೆ ಇರಬೇಕು, ಇಷ್ಟೇ ನಮ್ಮ ಮಾತು. ನೀವು ಸಂಘ ಸಂಸ್ಥೆಗಳಿಗೆ ಬೈಲಾ ಬರೆದುಕೊಡ್ತೀರಿ ಅಂತ ಗೊತ್ತಾಗಿ ಕೇಳ್ತಿದ್ದೀನಿ. ನಮ್ಮ ಕರಡು ಹೀಗಿದೆ:

1. ವ್ಯಕ್ತಿ ಸ್ವಾತಂತ್ರ್ಯ ಅಮೂಲ್ಯವಾದದ್ದು; ಸಂಘವು ಅದನ್ನು ಎತ್ತಿಹಿಡಿಯುತ್ತದೆ.
2. ಸರ್ಕಾರದ ಅನಗತ್ಯ ಹಸ್ತಕ್ಷೇಪ ಕಡಿಮೆಯಾಗಬೇಕು.
3. ತೆರಿಗೆ ನ್ಯಾಯಯುತವಾಗಿರಬೇಕು.
4. ಕಾನೂನಿನ ಮುಂದೆ ಎಲ್ಲರೂ ಸಮಾನರು.
5. ಸಂಘದ ತತ್ವಗಳಿಗೆ ವಿರುದ್ಧವಾಗಿ ಮಾತನಾಡುವ ಸದಸ್ಯರನ್ನು ಅಧ್ಯಕ್ಷರು ತೆಗೆದುಹಾಕಬಹುದು.

ಓದಿದವರೆಲ್ಲ ಚೆನ್ನಾಗಿದೆ ಅಂದ್ರು, ಯಾರೂ ತಕರಾರು ತೆಗೀಲಿಲ್ಲ. ಇಷ್ಟು ಸಾಕಾ?

ಉತ್ತರ (ವಕೀಲರು): ಯಾರೂ ತಕರಾರು ತೆಗೀಲಿಲ್ಲ ಅಂದ್ರಲ್ಲ, ನನಗೆ ಅಲ್ಲೇ ಅನುಮಾನ ಬಂತು. ಈ ಪುಟವನ್ನು ಯಾವ ದೇಶದ ಯಾವ ಸರ್ಕಾರದ ಮುಂದೆ ಹಿಡಿದರೂ ಮಂತ್ರಿಗಳು ಕಣ್ಣುಮುಚ್ಚಿ ರುಜು ಹಾಕಿಕೊಡ್ತಾರೆ. "ಅನಗತ್ಯ ಹಸ್ತಕ್ಷೇಪ" ಬೇಕು ಅಂತ ಯಾರು ತಾನೇ ಹೇಳ್ತಾರೆ? ಅವರ ಲೆಕ್ಕದಲ್ಲಿ ಅವರು ಮಾಡೋದೆಲ್ಲ ಅಗತ್ಯವೇ. ಯಾವುದು ಅಗತ್ಯ, ಅದನ್ನು ತೀರ್ಮಾನಿಸೋರು ಯಾರು ಅನ್ನೋ ಇಡೀ ಜಗಳವನ್ನು ಆ ಒಂದು ಪದದೊಳಗೆ ಬಚ್ಚಿಟ್ಟಿದ್ದೀರಿ.

ನಾನು ಇಂಥ ಕಲಂ ಓದುವಾಗ ಮೂರು ಕೇಳ್ತೀನಿ. ಇದು ಯಾರ ಕೈ ಕಟ್ಟುತ್ತೆ? ಯಾವ ಕೆಲಸ ಮಾಡದಂತೆ ಕಟ್ಟುತ್ತೆ? ಕಟ್ಟು ಬಿಚ್ಚಿಕೊಂಡರೆ ತಡೆಯೋರು ಯಾರು? ಮೂರನೆಯದನ್ನು ಬರೆಯೋದು ಎಲ್ಲರೂ ಮರೀತಾರೆ. 1215ರಲ್ಲಿ ಇಂಗ್ಲೆಂಡಿನ ದೊರೆ ಜಾನ್‌ನಿಂದ ಮ್ಯಾಗ್ನಾ ಕಾರ್ಟಾಗೆ ಮುದ್ರೆ ಒತ್ತಿಸಿಕೊಂಡ ಸರದಾರರು ಮರೆತಿರಲಿಲ್ಲ. ನೆಲದ ಕಾನೂನಿನ ಪ್ರಕಾರವಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಹಿಡಿದಿಡುವಂತಿಲ್ಲ ಅನ್ನೋ 39ನೇ ಕಲಂ ಎಲ್ಲರಿಗೂ ಗೊತ್ತು. 61ನೆಯದನ್ನು ಯಾರೂ ಓದೋದಿಲ್ಲ. ದೊರೆ ಮಾತು ತಪ್ಪಿದರೆ 25 ಮಂದಿ ಸರದಾರರ ಸಮಿತಿ ಅವನ ಕೋಟೆ, ಜಮೀನುಗಳನ್ನು ವಶಕ್ಕೆ ತಗೊಂಡಾದರೂ ಸರಿಪಡಿಸಬಹುದು ಅಂತ ಅಲ್ಲಿ ಬರೆದಿತ್ತು. ಆ ಕಾವಲು ಸಾಕಾಗಲಿಲ್ಲ ಅನ್ನೋದು ಬೇರೆ ಮಾತು. ಜೂನ್‌ನಲ್ಲಿ ಮುದ್ರೆ ಬಿತ್ತು, ಆಗಸ್ಟ್‌ನಲ್ಲಿ ಪೋಪ್ ಅದನ್ನು ರದ್ದು ಮಾಡಿದರು. ಮುಂದಿನ ದೊರೆಯ ಕಾಲದಲ್ಲಿ ಮತ್ತೆ ಮತ್ತೆ ಹೊರಡಿಸಬೇಕಾಯಿತು.

ಬರೆದವರ ಮೇಲೂ ಭರವಸೆ ಇಡಬೇಡಿ. ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯದ ಮೊದಲ ತಿದ್ದುಪಡಿ ಜಾರಿಗೆ ಬಂದದ್ದು 1791ರಲ್ಲಿ. ಏಳೇ ವರ್ಷಕ್ಕೆ, 1798ರಲ್ಲಿ, ಸರ್ಕಾರವನ್ನು ಹಳಿಯುವವರನ್ನು ಜೈಲಿಗೆ ಹಾಕುವ ದೇಶದ್ರೋಹ ಕಾಯ್ದೆ ಬಂತು. ಮ್ಯಾಥ್ಯೂ ಲಯನ್ ಅನ್ನೋ ಸಂಸದ ಅಧ್ಯಕ್ಷರನ್ನು ಟೀಕಿಸಿ ಬರೆದದ್ದಕ್ಕೆ ನಾಲ್ಕು ತಿಂಗಳು ಒಳಗೆ ಕೂತ. ಜನ ಅವನನ್ನು ಜೈಲಿನಲ್ಲಿದ್ದಾಗಲೇ ಮತ್ತೆ ಗೆಲ್ಲಿಸಿದರು, ಅದೊಂದು ಖುಷಿ. ಭಾರತದ ಕಥೆಯೂ ದೂರ ಇಲ್ಲ. 1950ರ ಜನವರಿಯಲ್ಲಿ ಸಂವಿಧಾನ ಜಾರಿಯಾಯ್ತು, 1951ರ ಜೂನ್‌ನಲ್ಲಿ ಮೊದಲ ತಿದ್ದುಪಡಿ ಬಂದು ಮಾತಿನ ಮೇಲಿನ ನಿರ್ಬಂಧಗಳ ಪಟ್ಟಿ ಉದ್ದವಾಯ್ತು. ಉದ್ದ ಮಾಡಿದವರು ಯಾರು? ಸಂವಿಧಾನ ಬರೆದ ಸಭೆಯೇ ಆಗ ತಾತ್ಕಾಲಿಕ ಸಂಸತ್ತಾಗಿ ಕೂತಿತ್ತು. ಆದರೆ ಅದೇ ತಿದ್ದುಪಡಿ 19(2)ನೇ ವಿಧಿಯಲ್ಲಿ "ಯುಕ್ತ" ಅನ್ನೋ ಒಂದು ಪದವನ್ನೂ ಸೇರಿಸಿತು, ಯುಕ್ತ ನಿರ್ಬಂಧ ಅಂತ. ಇದು ಯುಕ್ತವೋ ಅಲ್ಲವೋ ಅಂತ ನ್ಯಾಯಾಧೀಶರು ಸರ್ಕಾರವನ್ನು ಕೇಳೋಕೆ ಆ ಪದವೇ ಹಿಡಿಕೆ ಆಯ್ತು. ಒಂದು ಪದಕ್ಕೆ ಇಷ್ಟು ಬೆಲೆ ಇದೆ, ಅದಕ್ಕೇ ನಿಮ್ಮ "ಅನಗತ್ಯ"ದ ಮೇಲೆ ಇಷ್ಟು ಹೊತ್ತು ಕೂತೆ.

ಎರಡನೇ ಕಲಮನ್ನು ನಾನಾದರೆ ಹೀಗೆ ಬರೀತಿದ್ದೆ: "ವ್ಯಕ್ತಿಯ ಮೇಲೆ ನಿರ್ಬಂಧ ಹೇರುವವರೇ ಅದರ ಅಗತ್ಯವನ್ನು ರುಜುವಾತುಪಡಿಸಬೇಕು; ಸ್ವಾತಂತ್ರ್ಯ ಏಕೆ ಬೇಕೆಂದು ವ್ಯಕ್ತಿ ವಿವರಿಸಬೇಕಾಗಿಲ್ಲ. ನಿರ್ಬಂಧವು ಪ್ರಕಟವಾದ ಕಾನೂನಿನಲ್ಲಿರಬೇಕು, ಅದಕ್ಕೆ ಅವಧಿ ಇರಬೇಕು, ಸ್ವತಂತ್ರ ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಲು ಅವಕಾಶವಿರಬೇಕು." ಇದನ್ನು ಓದಿ ನಿಮ್ಮ ಹನ್ನೆರಡು ಜನರಲ್ಲಿ ಇಬ್ಬರಾದರೂ ಮುಖ ಗಂಟು ಹಾಕಿಕೊಳ್ಳದಿದ್ದರೆ ಹೇಳಿ. ಒಂದನೇ ಕಲಂ ಇದರೊಳಗೇ ಸೇರಿಹೋಗುತ್ತೆ, ಬೇಡ.

ಮೂರರಲ್ಲಿ "ನ್ಯಾಯಯುತ" ತೆಗೆಯಿರಿ. ಚುನಾಯಿತ ಸಭೆ ಒಪ್ಪದೆ ತೆರಿಗೆ ಇಲ್ಲ ಅಂತ 1689ರಲ್ಲೇ ಇಂಗ್ಲೆಂಡಿನವರು ಬರೆದಿಟ್ಟಿದ್ದಾರೆ, ಅದನ್ನು ಇಟ್ಟುಕೊಳ್ಳಿ. ಹಿಂದಿನ ತಾರೀಕಿನಿಂದ ತೆರಿಗೆ ಹಾಕುವಂತಿಲ್ಲ ಅಂತಲೂ ಸೇರಿಸಿ. ನಾಲ್ಕು ಸರಿ ಇದೆ.

ಐದನೆಯದನ್ನು ಓದಿ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡಿ. ನಾಲ್ಕು ಕಲಂ ಸರ್ಕಾರಕ್ಕೆ ಬುದ್ಧಿ ಹೇಳಿ, ಐದನೆಯದರಲ್ಲಿ ನೀವೇ ಒಂದು ಸರ್ಕಾರ ಆಗಿಬಿಟ್ಟಿದ್ದೀರಿ. ದೂರು ಕೊಡೋರು, ವಿಚಾರಣೆ ಮಾಡೋರು, ಶಿಕ್ಷೆ ಕೊಡೋರು ಮೂರೂ ಅಧ್ಯಕ್ಷರೇ. ರಾಜಾಜಿ, ಮಿನೂ ಮಸಾನಿ, ಎನ್.ಜಿ. ರಂಗಾ ಸೇರಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದಾಗ 21 ಮೂಲತತ್ವ ಬರೆದುಕೊಂಡರು. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು, ಈ ತತ್ವಗಳ ವ್ಯಾಪ್ತಿಗೆ ಬರದ ವಿಷಯಗಳಲ್ಲಿ ಸದಸ್ಯರು ತಮಗೆ ತೋಚಿದ ಅಭಿಪ್ರಾಯ ಇಟ್ಟುಕೊಳ್ಳೋಕೆ ಸ್ವತಂತ್ರರು ಅನ್ನೋದು. ಒಂದು ಪಕ್ಷವೇ ಅಷ್ಟು ಧೈರ್ಯ ತೋರಿಸಿದೆ, ನಿಮ್ಮದು ಬರೀ ಸಂಘ.

ಇನ್ನೊಬ್ಬರು: ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಸೀಮಿತ ಸರ್ಕಾರ ಅಂದ್ರೆ ಕೊನೆಗೆ ಬಡವರ ಶಾಲೆ, ಆಸ್ಪತ್ರೆ ಮುಚ್ಚಿ ಅನ್ನೋದೇ ತಾನೇ? ದುಡ್ಡಿರೋರ ಹವ್ಯಾಸ ಇದು.

ಉತ್ತರ: ಸೀಮಿತ ಸರ್ಕಾರ ಬೇರೆ, ಸಣ್ಣ ಸರ್ಕಾರ ಬೇರೆ. ಈ ಎರಡನ್ನು ಕಲಸಿದ ಕರಡುಗಳೇ ನನ್ನ ಹತ್ರ ಹೆಚ್ಚು ಬರೋದು, ಆದ್ದರಿಂದ ನಿಮ್ಮ ಪ್ರಶ್ನೆ ನ್ಯಾಯವೇ. ಶಾಲೆ, ಆಸ್ಪತ್ರೆಗೆ ಸರ್ಕಾರ ಎಷ್ಟು ಖರ್ಚು ಮಾಡಬೇಕು ಅನ್ನೋದು ಬಜೆಟ್ಟಿನ ಚರ್ಚೆ. ಅಧಿಕಾರಿಯೊಬ್ಬ ನಿಮ್ಮನ್ನು ಎತ್ತಿಕೊಂಡು ಹೋದರೆ ಯಾಕೆ ಅಂತ ಕೇಳೋಕೆ ಜಾಗ ಇದೆಯಾ ಅನ್ನೋದು ಎಲ್ಲೆಯ ಚರ್ಚೆ. ಎಲ್ಲೆ ಇಲ್ಲದಿದ್ದಾಗ ಮೊದಲು ಸಿಕ್ಕಿಬೀಳೋದು ವಕೀಲರಿಗೆ ಕೊಡೋಕೆ ದುಡ್ಡಿಲ್ಲದವರು.

ತುರ್ತುಪರಿಸ್ಥಿತಿಯ ಕಾಲದಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಎಡಿಎಂ ಜಬಲ್ಪುರ ಪ್ರಕರಣ ನೋಡಿ. ಬಂಧನವನ್ನು ಪ್ರಶ್ನಿಸಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಅನ್ನೋ ಅರ್ಜಿ, ಹಾಕಬಹುದಾ ಅನ್ನೋದು ಪ್ರಶ್ನೆ. ವಾದದ ನಡುವೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರ್ಕಾರದ ಪರ ವಾದಿಸ್ತಿದ್ದ ಅಟಾರ್ನಿ ಜನರಲ್ ಅವರನ್ನು ಕೇಳ್ತಾರೆ: ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ ಆಗಲೂ ಪರಿಹಾರ ಇಲ್ಲವಾ? ತಮ್ಮ ವಾದಕ್ಕೆ ಕಟ್ಟುಬಿದ್ದ ಅವರು, ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲ ಅಂತಲೇ ಉತ್ತರ ಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ ಅಂತ ನಾವು ಗಾದೆ ಹೇಳ್ತೀವಲ್ಲ, ಅದನ್ನು ಒಂದು ಸರ್ಕಾರ ಕೋರ್ಟಿನಲ್ಲಿ ನಿಂತು ಒಪ್ಪಿಕೊಂಡ ಗಳಿಗೆ ಅದು. 1976ರ ಏಪ್ರಿಲ್‌ನಲ್ಲಿ ಐವರ ಪೈಕಿ ನಾಲ್ವರು ಸರ್ಕಾರದ ಪರ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು, ಮುಂದೆ ಅವರನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯ್ತು. ಇದರಲ್ಲಿ ಬಜೆಟ್ ದೊಡ್ಡದೋ ಚಿಕ್ಕದೋ ಅನ್ನೋ ಮಾತು ಎಲ್ಲಿ ಬಂತು ಹೇಳಿ.

ಸರ್ಕಾರ ಎಷ್ಟು ಖರ್ಚು ಮಾಡಬೇಕು ಅನ್ನೋದರಲ್ಲಿ ಸಂಘದವರಿಗೆ ಒಮ್ಮತ ಇಲ್ಲ ಅಂದರೆ ಅದನ್ನು ಮೂಲತತ್ವದಿಂದ ಹೊರಗಿಡಿ. ಒಳಗೂ ಇಲ್ಲ ಹೊರಗೂ ಇಲ್ಲ ಅನ್ನೋ ಹಾಗೆ ಒಂದು ನುಣ್ಣನೆಯ ವಾಕ್ಯ ಮಾತ್ರ ಬರೀಬೇಡಿ.

ಪ್ರಶ್ನೆ (ಮೊದಲು ಕೇಳಿದವರು): ಮುಖ ಗಂಟು ಹಾಕಿಕೊಂಡವರು ಇಬ್ಬರಲ್ಲ ಮೇಡಂ, ನಾಲ್ವರು! "ಅವಧಿ ಇರಬೇಕು" ಅನ್ನೋದಕ್ಕೆ. ಇನ್ನೊಂದು, ಆಸ್ತಿ ಹಕ್ಕು ಸೇರಿಸಿದರೆ ಮೂವರು ಬಿಟ್ಟು ಹೋಗ್ತಾರಂತೆ, ಸೇರಿಸದಿದ್ದರೆ ಬೇರೆ ಮೂವರು.

ಉತ್ತರ: ಈಗ ನೀವು ನಿಜವಾಗಿ ಮೂಲತತ್ವ ಬರೆಯೋಕೆ ಶುರು ಮಾಡಿದ್ದೀರಿ.

ಆಸ್ತಿಯ ವಿಷಯದಲ್ಲಿ ದೊಡ್ಡವರೂ ನಿಮ್ಮ ಹಾಗೇ ಎರಡು ಮನಸ್ಸಿನಲ್ಲಿದ್ದರು. ತುರ್ತುಪರಿಸ್ಥಿತಿ ಮುಗಿದ ಮೇಲೆ 1978ರಲ್ಲಿ ಬಂದ 44ನೇ ತಿದ್ದುಪಡಿ ಭಾರತದಲ್ಲಿ ಸ್ವಾತಂತ್ರ್ಯಕ್ಕೆ ಸಿಕ್ಕ ದೊಡ್ಡ ರಕ್ಷಣೆ. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ಜಾರಿಮಾಡಿಸಿಕೊಳ್ಳುವ ಹಕ್ಕನ್ನು ಇನ್ನು ಮುಂದೆ ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಅಂತ ಮಾಡಿದ್ದು ಅದೇ. ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಕಿತ್ತು, ಮೂಲಭೂತವಲ್ಲದ ಬರೀ ಕಾನೂನಿನ ಹಕ್ಕಾಗಿ 300-ಎ ವಿಧಿಗೆ ಕಳಿಸಿದ್ದೂ ಅದೇ. ಒಂದೇ ಕೈ, ಒಂದೇ ಕಾಗದ.

ನನ್ನ ಅಭಿಪ್ರಾಯ ಕೇಳಿದರೆ ಸೇರಿಸಿ. ಕಾನೂನಿನ ಬಲವಿಲ್ಲದೆ, ಸಾರ್ವಜನಿಕ ಉದ್ದೇಶ ತೋರಿಸದೆ, ತಕ್ಕ ಪರಿಹಾರ ಕೊಡದೆ ಯಾರ ಸೊತ್ತನ್ನೂ ತೆಗೆದುಕೊಳ್ಳುವಂತಿಲ್ಲ ಅಂತ. ಹೀಗೆ ಬರೆದರೆ ಅರ್ಧ ಎಕರೆ ಇದ್ದವನಿಗೂ, ಗುಡಿಸಲು ಕಳೆದುಕೊಳ್ಳುವವನಿಗೂ ಉಪಯೋಗಕ್ಕೆ ಬರುತ್ತೆ. ಬಿಟ್ಟು ಹೋಗ್ತೀನಿ ಅಂದ ಮೂವರಿಗೆ ಇದನ್ನು ಓದಿಸಿ, ಆಮೇಲೂ ಹೋಗ್ತೀವಿ ಅಂದ್ರೆ ಕೈಕುಲುಕಿ ಕಳಿಸಿಕೊಡಿ. ಅವಧಿಯ ಮಾತನ್ನು ಮಾತ್ರ ಬಿಟ್ಟುಕೊಡಬೇಡಿ. ತುರ್ತು ಅಧಿಕಾರಗಳು ತಾವಾಗಿ ಎದ್ದು ಹೋಗಲ್ಲ.

ಸದಸ್ಯೆಯೊಬ್ಬರು: ನಮಗೆ ಬೇಕಾದ ಪಕ್ಷವೇ ಅಧಿಕಾರಕ್ಕೆ ಬಂದರೆ ಇಂಥ ಸಂಘ ಏನು ಮಾಡುತ್ತೆ ಮೇಡಂ? ನನ್ನ ಅನುಭವದಲ್ಲಿ ಮಲಗಿಬಿಡುತ್ತೆ.

ಉತ್ತರ: ಸರಿಯಾಗಿ ಹೇಳಿದ್ರಿ. 1976ರಲ್ಲಿ ಜಯಪ್ರಕಾಶ ನಾರಾಯಣರು ನಾಗರಿಕ ಹಕ್ಕುಗಳಿಗಾಗಿ ಕಟ್ಟಿಸಿದ ಒಕ್ಕೂಟಕ್ಕೂ ಅದೇ ಆಯ್ತು. 1977ರಲ್ಲಿ ಸರ್ಕಾರ ಬದಲಾಯ್ತು, ಇನ್ನೇನು ಭಯ ಅಂತ ಸಂಘಟನೆ ಮಂಕಾಯ್ತು. 1980ರಲ್ಲಿ ಅದನ್ನು ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್) ಅಂತ ಮತ್ತೆ ಎಬ್ಬಿಸಿ ನಿಲ್ಲಿಸಬೇಕಾಯ್ತು. ಬೈಲಾದಲ್ಲಿ ಇದಕ್ಕೆ ಪೂರ್ತಿ ಮದ್ದಿಲ್ಲ. ಪಕ್ಷದ ಪದಾಧಿಕಾರಿಗಳು ಸಂಘದ ಪದಾಧಿಕಾರಿ ಆಗುವಂತಿಲ್ಲ ಅಂತ ಬರೆದರೆ ಅರ್ಧ ಕಾಯಿಲೆ ವಾಸಿ. ಉಳಿದರ್ಧಕ್ಕೆ, ನಿಮಗೆ ಆಗದವರ ಪರವಾಗಿ ಒಮ್ಮೆ ನಿಂತು ತೋರಿಸಬೇಕು. ಅಮೆರಿಕದ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 1977ರಲ್ಲಿ, ಯಹೂದಿಗಳು ಹೆಚ್ಚಿದ್ದ ಸ್ಕೋಕಿ ಅನ್ನೋ ಊರಿನಲ್ಲಿ ಮೆರವಣಿಗೆ ಮಾಡ್ತೀವಿ ಅಂದ ನಾಜಿವಾದಿಗಳ ಪರ ಕೋರ್ಟಿಗೆ ಹೋಯ್ತು. ಅವರ ಮಾತನ್ನು ಒಪ್ಪಿ ಅಲ್ಲ, ಮಾತನಾಡುವ ಹಕ್ಕಿಗಾಗಿ. ಸದಸ್ಯರು ಸಾವಿರಗಟ್ಟಲೆ ಬಿಟ್ಟು ಹೋದರು. ನಿಮ್ಮ ಸಂಘ ಅಂಥದ್ದನ್ನು ತಡೆದುಕೊಳ್ಳುತ್ತಾ, ಯೋಚನೆ ಮಾಡಿ.

ಪ್ರಶ್ನೆ: ಸರ್ಕಾರದ ಅನುದಾನ ತಗೋಬಹುದಾ?

ಉತ್ತರ: ಬೇಡ. ಒಬ್ಬನೇ ದಾನಿಯಿಂದ ವರ್ಷದ ಖರ್ಚಿನ ದೊಡ್ಡ ಪಾಲು ಬರೋದೂ ಬೇಡ, ಅವನೂ ಸರ್ಕಾರದ ಹಾಗೇ ಕಿವಿ ಹಿಂಡ್ತಾನೆ. ಲೆಕ್ಕಪತ್ರ ಎಲ್ಲ ಸದಸ್ಯರಿಗೂ ಕಾಣಲಿ.

ಪ್ರಶ್ನೆ: ಮುಂದೆ ಪಕ್ಷ ಆಗಬೇಕು ಅನ್ನಿಸಿದರೆ?

ಉತ್ತರ: ಇಲ್ಲಿ ಬೇರೆ ಬೇರೆ ದೇಶದಲ್ಲಿರೋರು ಇದ್ದೀರಿ, ನಿಯಮ ಬೇರೆ ಬೇರೆ. ಭಾರತದಲ್ಲಾದರೆ ಒಂದು ಗಮ್ಮತ್ತಿದೆ. 1989ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ ಸೇರಿದ 29-ಎ ಪ್ರಕಾರ, ನೋಂದಣಿ ಬೇಕಾದ ಪಕ್ಷ ಸಂವಿಧಾನಕ್ಕೆ ಮಾತ್ರ ಅಲ್ಲ, ಸಮಾಜವಾದದ ತತ್ವಕ್ಕೂ ನಿಷ್ಠೆ ಬರೆದುಕೊಡಬೇಕು. ಮುಕ್ತ ಮಾರುಕಟ್ಟೆಯ ಪಕ್ಷ ಕಟ್ಟೋರೂ ಬರೆದುಕೊಡಬೇಕು. ಸಂಘಕ್ಕೆ ಈ ತಾಪತ್ರಯ ಇಲ್ಲ, ಸಂಘವಾಗೇ ಇರಿ.

ಇದರ ಬದಲು ನೀವು ಕೇಳದೇ ಇದ್ದ ಒಂದು ಹೇಳ್ತೀನಿ, ನನ್ನದೇ ತಪ್ಪಿನ ಕಥೆ. ವಕೀಲಿಕೆ ಶುರು ಮಾಡಿದ ಹೊಸತರಲ್ಲಿ ಒಂದು ಸಂಘಕ್ಕೆ ಬೈಲಾ ಬರೆದುಕೊಟ್ಟೆ. "ಮುಂದಿನವರು ಆಯ್ಕೆಯಾಗುವವರೆಗೆ ಅಧ್ಯಕ್ಷರು ಮುಂದುವರಿಯತಕ್ಕದ್ದು" ಅಂತ ಒಂದು ಸಾಲು. ಮಹಾಸಭೆ ಕರೆಯೋ ಅಧಿಕಾರ ಅಧ್ಯಕ್ಷರಿಗೆ ಅಂತ ಇನ್ನೊಂದು ಸಾಲು. ಬೇರೆ ಬೇರೆಯಾಗಿ ಓದಿದರೆ ಎರಡೂ ನಿರಪಾಯ. ಒಟ್ಟಿಗೆ ಓದಿದ್ದು ಆ ಅಧ್ಯಕ್ಷರೊಬ್ಬರೇ. ಸಭೆ ಕರೀಲಿಲ್ಲ, ಹನ್ನೊಂದು ವರ್ಷ ಕುರ್ಚಿ ಬಿಡಲಿಲ್ಲ. ಅಲ್ಲಿಂದೀಚೆಗೆ ನಾನು ಯಾವ ಬೈಲಾ ಬರೆದರೂ ಹತ್ತನೇ ಒಂದರಷ್ಟು ಸದಸ್ಯರು ಕೇಳಿದರೆ 21 ದಿನದಲ್ಲಿ ಸಭೆ ಕರೆಯಬೇಕು, ಕರೆಯದಿದ್ದರೆ ಕೇಳಿದವರೇ ಕರೆಯಬಹುದು ಅಂತ ಸೇರಿಸ್ತೀನಿ.

ಪ್ರಶ್ನೆ (ಮೊದಲು ಕೇಳಿದವರು, ಎರಡು ದಿನ ಬಿಟ್ಟು): ಮೇಡಂ, ಐದನೇ ಕಲಂ ತಿದ್ದಿದ್ದೀವಿ, ನೋಡಿ: "ಮೂಲತತ್ವಗಳ ಹೊರಗಿನ ವಿಷಯಗಳಲ್ಲಿ ಸದಸ್ಯರು ಯಾವುದೇ ಅಭಿಪ್ರಾಯ ಹೊಂದಬಹುದು, ವ್ಯಕ್ತಪಡಿಸಬಹುದು. ಸದಸ್ಯತ್ವ ರದ್ದುಪಡಿಸಬೇಕಾದಲ್ಲಿ ಲಿಖಿತ ಕಾರಣ ನೀಡಿ, ಸಾಧ್ಯವಾದ ಮಟ್ಟಿಗೆ ಅವರ ವಿವರಣೆ ಕೇಳಿ, ಮಹಾಸಭೆಯ ಮೂರನೇ ಎರಡರಷ್ಟು ಮತದಿಂದ ಮಾತ್ರ ರದ್ದುಪಡಿಸತಕ್ಕದ್ದು."

ಉತ್ತರ: ತುಂಬ ಚೆನ್ನಾಗಿದೆ. "ಸಾಧ್ಯವಾದ ಮಟ್ಟಿಗೆ" ಹೊಡೆದುಹಾಕಿ. ನಿಮ್ಮ ಹಳೇ "ಅನಗತ್ಯ" ವೇಷ ಬದಲಿಸಿಕೊಂಡು ಬಂದಿದೆ.

ಪ್ರಶ್ನೆ: ಹೊಡೆದೆ. ನಿನ್ನೆ ರಾತ್ರಿ ಅದನ್ನು ಸೇರಿಸಿದ್ದು ಅಧ್ಯಕ್ಷರಾಗಲಿರುವವರು.

ಉತ್ತರ: ಹಾಗಾದರೆ ಅವರ ಅವಧಿ ಎಷ್ಟು ವರ್ಷ ಅನ್ನೋ ಕಲಂ ಇವತ್ತೇ ಬರೆದುಬಿಡಿ, ಆಯ್ಕೆ ಆಮೇಲೆ.