ಅಪ್‌ಡೇಟ್: ದೋಣಿಯ ಖಾನೆಗೆ ನೀರು ಇಳಿಯುತ್ತಿದ್ದ ವಿಷಯ
ಗಂಗೊಳ್ಳಿಯಲ್ಲಿರುವ ನಮ್ಮ ಸಣ್ಣ ಫೈಬರ್ ದೋಣಿಯ ಸಾಮಾನು ಖಾನೆಗೆ ನೀರು ಇಳಿಯುತ್ತದೆ ಅಂತ ಕೇಳಿದ್ದೆ. ಮುಚ್ಚಳದ ರಬ್ಬರ್ ಬದಲಿಸಿ ಅಂದವರೇ ಜಾಸ್ತಿ. ಮೊದಲು ಖಾನೆಯ ಅಂಚಿಗೆ ಸೀಮೆಸುಣ್ಣ ಹಚ್ಚಿ ಮುಚ್ಚಿ ನೋಡಿದೆ. ರಬ್ಬರಿನ ಸುತ್ತಲೂ ಬಿಳಿ ಗೆರೆ ಮೂಡಿತು, ಎಲ್ಲೂ ತುಂಡಾಗಿರಲಿಲ್ಲ. ಅಂದರೆ ರಬ್ಬರ್ ಎಲ್ಲ ಕಡೆ ಅಂಚಿಗೆ ತಾಗುತ್ತಿದೆ, ಸರಿಯೇ ಇದೆ, ಅಲ್ವಾ?

ಮೇಲಿಂದ ಪೈಪ್ ನೀರು ಬಿಟ್ಟು ಒಳಗೆ ಟಾರ್ಚ್ ಹಾಕಿದಾಗ ಕಳ್ಳ ಸಿಕ್ಕ: ಮುಚ್ಚಳದ ಕೀಲಿನ (ಹಿಂಜ್) ಸ್ಕ್ರೂ ತೂತುಗಳು! ಸ್ಕ್ರೂ ಬಿಚ್ಚಿ, ತೂತು ಚೆನ್ನಾಗಿ ಒಣಗಿಸಿ, ಪಾಲಿಯುರೆಥೇನ್ ಸೀಲಂಟ್ (ನೀರು ನುಸುಳದಂತೆ ಸಂದು ಮುಚ್ಚುವ ಅಂಟು) ತುಂಬಿ ಮತ್ತೆ ಬಿಗಿದೆ. ಸಿಲಿಕೋನ್ ಸೀಲಂಟ್ ಬೇಡ ಅಂತ ಕೆಲವರು ಅಂದಿದ್ದು ಒಳ್ಳೆಯದಾಯಿತು. ಅದು ಮೆತ್ತಿದ ಜಾಗದಲ್ಲಿ ಮುಂದೆ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ.

ಈಗ ಸೋರಿಕೆ ಇಲ್ಲ. ಬೆಳಿಗ್ಗೆ ಮುಚ್ಚಳದ ಒಳಮೈಯಲ್ಲಿ ಹನಿ ಕಾಣುತ್ತದೆ, ಅದು ಒಳಗಿನ ತೇವ ತಣಿದು ಆಗುವುದು. ಲೈಫ್ ಜಾಕೆಟ್‌ಗಳನ್ನು ಒಣಗಿಸಿಯೇ ಇಡುತ್ತೇನೆ.